ಲೀಸ್ 80 ವರ್ಷಕ್ಕೆ ಇಳಿಯುವ ಮುಂಚೆ ನೋಟಿಸ್ ಕೊಟ್ಟುಬಿಡಿ

ಲಂಡನ್ ಸುತ್ತಮುತ್ತ ಫ್ಲ್ಯಾಟ್ ಕೊಂಡ ಕನ್ನಡದವರು ಸಲಹೆಗೆ ಬಂದಾಗ ನಾನು ಮೊದಲು ಕೇಳುವುದು ಲೀಸ್, ಅಂದರೆ ಫ್ಲ್ಯಾಟ್ ನಿಮ್ಮದಾಗಿರುವ ಅವಧಿ, ಇನ್ನೆಷ್ಟು ವರ್ಷ ಉಳಿದಿದೆ ಅಂತ. "99 ವರ್ಷದ್ದು ಸಾರ್" ಅಂತಾರೆ. ಸರಿ, ಯಾವಾಗ ಶುರುವಾದ 99? 1986ರಲ್ಲಿ ಶುರುವಾಗಿದ್ದರೆ ಈಗ ಉಳಿದಿರುವುದು ಸುಮಾರು 60. ಅಷ್ಟು ಕಮ್ಮಿ ಲೀಸ್‌ಗೆ ಸಾಲ ಕೊಡಲು ಎಷ್ಟೋ ಬ್ಯಾಂಕುಗಳು ಹಿಂದೇಟು ಹಾಕುತ್ತವೆ, ಹಾಗಾಗಿ ಮಾರಲು ಹೊರಟಾಗ ಕೊಳ್ಳುವವರೇ ಸಿಗುವುದು ಕಷ್ಟ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲೀಸ್ ಇರುವ ಫ್ಲ್ಯಾಟ್‌ಗೆ 1993ರ ಕಾಯಿದೆ ಒಂದು ಒಳ್ಳೆಯ ಹಕ್ಕು ಕೊಟ್ಟಿದೆ. ಉಳಿದಿರುವ ವರ್ಷಗಳ ಮೇಲೆ ಇನ್ನೂ 90 ವರ್ಷ ಸೇರಿಸಿಕೊಳ್ಳಬಹುದು, ಜಾಗಕ್ಕೆಂದು ವರ್ಷವೂ ಕಟ್ಟುವ ಗ್ರೌಂಡ್ ರೆಂಟ್ ಸೊನ್ನೆಯಾಗುತ್ತದೆ. ಆದರೆ ಕಟ್ಟಡದ ಮೂಲ ಮಾಲೀಕರಾದ ಫ್ರೀಹೋಲ್ಡರ್‌ಗೆ ಇದರ ಬೆಲೆ ಕೊಡಬೇಕು. ತಲೆಬಿಸಿ ಇರುವುದು ಅಲ್ಲೇ.

3 ಲಕ್ಷ ಪೌಂಡ್ ಬಾಳುವ ಫ್ಲ್ಯಾಟ್, ವರ್ಷಕ್ಕೆ 100 ಪೌಂಡ್ ಗ್ರೌಂಡ್ ರೆಂಟ್ ಅಂದುಕೊಳ್ಳಿ. ಲೀಸ್ 81 ವರ್ಷ ಇದ್ದರೆ ಲೆಕ್ಕ ಸರಳ. ಫ್ರೀಹೋಲ್ಡರ್ ಕಳೆದುಕೊಳ್ಳುವ ಬಾಡಿಗೆಗೆ ಒಂದಿಷ್ಟು, 81 ವರ್ಷದ ಮೇಲೆ ಅವರಿಗೆ ವಾಪಸ್ ಹೋಗಬೇಕಿದ್ದ ಫ್ಲ್ಯಾಟ್‌ಗೆ ಇವತ್ತಿನ ಬೆಲೆ ಕಟ್ಟಿ ಇನ್ನೊಂದಿಷ್ಟು. ಈ ಎರಡನೆಯದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 5ರ ದರದಲ್ಲಿ ಬೆಲೆ ಇಳಿಸುತ್ತಾ ಇವತ್ತಿಗೆ ತರುತ್ತಾರೆ, 2006ರ ಸ್ಪೋರ್ಟೆಲ್ಲಿ ಎಂಬ ಮೊಕದ್ದಮೆಯ ತೀರ್ಪಿನಿಂದ ಬಂದ ದರ ಅದು. ಒಟ್ಟು 7,100 ಪೌಂಡ್ ಹತ್ತಿರ ಬರುತ್ತದೆ. ಎರಡು ವರ್ಷ ಸುಮ್ನೆ ಕೂತು 80ರ ಗಡಿ ದಾಟಿ 79ಕ್ಕೆ ಇಳಿದಿರೋ, ಆಗ ಮ್ಯಾರೇಜ್ ವ್ಯಾಲ್ಯೂ ಬಂದು ಸೇರಿಕೊಳ್ಳುತ್ತದೆ. ಲೀಸ್ ಉದ್ದವಾದ ಮೇಲೆ ಫ್ಲ್ಯಾಟ್‌ನ ಬೆಲೆ ಏರುತ್ತದಲ್ವಾ, ಆ ಲಾಭದಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ಈಗಿನ ಲೀಸ್‌ನಲ್ಲಿ ಫ್ಲ್ಯಾಟ್ ಪೂರ್ತಿ ಬೆಲೆಯ ಶೇ. 93 ಬಾಳುತ್ತದೆ ಅಂತ ಹಿಡಿದರೆ ಒಟ್ಟು ಬೆಲೆ ಸುಮಾರು 14,300 ಪೌಂಡ್. ಎರಡೇ ವರ್ಷಕ್ಕೆ ದುಪ್ಪಟ್ಟು! 93 ಅಂತ ನಾನು ಹಿಡಿದೆ, ಫ್ರೀಹೋಲ್ಡರ್ ಕಡೆಯ ಸರ್ವೇಯರ್ (ಬೆಲೆ ಕಟ್ಟುವವರು) 90 ಅನ್ನುತ್ತಾರೆ, ಜಗಳವೆಲ್ಲ ಆ ಮೂರರ ಮೇಲೆ. ಮೇಲಿನಿಂದ ಅವರ ವಕೀಲರ ಮತ್ತು ಸರ್ವೇಯರ್ ಖರ್ಚೂ, ನ್ಯಾಯವಾಗಿದ್ದಷ್ಟು, ನಿಮ್ಮ ತಲೆಗೇ.

"2024ರ ಹೊಸ ಕಾಯಿದೆ ಮ್ಯಾರೇಜ್ ವ್ಯಾಲ್ಯೂ ತೆಗೆದುಹಾಕುತ್ತಂತಲ್ಲ, ಕಾಯೋಣವಾ?" ಇದನ್ನು ಎಲ್ಲರೂ ಕೇಳುತ್ತಾರೆ. ಕಾಯಿದೆಯಲ್ಲಿ ಹಾಗೆ ಬರೆದಿರುವುದು ನಿಜ, 990 ವರ್ಷಕ್ಕೆ ವಿಸ್ತರಿಸುವುದೂ ಇದೆ, ಆದರೆ ಆ ಭಾಗಗಳು ಇನ್ನೂ ಜಾರಿಗೆ ಬಂದಿಲ್ಲ. ಜಾರಿಗೆ ಬಂದಿರುವುದು ಸಣ್ಣದು: ವಿಸ್ತರಣೆ ಕೇಳಲು ಎರಡು ವರ್ಷ ಮಾಲೀಕರಾಗಿರಬೇಕು ಎಂಬ ನಿಯಮ 2025ರ ಜನವರಿ 31ಕ್ಕೆ ಹೋಯಿತು. ನನ್ನ ಮಾತು ಕೇಳುವುದಾದರೆ, 81, 82ರಲ್ಲಿ ಇರುವವರು ಕಾಯಬೇಡಿ. ವಿಸ್ತರಣೆ ಬೇಕೆಂದು ಫ್ರೀಹೋಲ್ಡರ್‌ಗೆ ನೋಟಿಸ್ ಕೊಟ್ಟ ದಿನ ಉಳಿದಿರುವ ವರ್ಷವೇ ಲೆಕ್ಕಕ್ಕೆ ಬರುವುದು, ಆಮೇಲೆ ಮಾತುಕತೆ ಎಷ್ಟು ಎಳೆದರೂ ಚಿಂತೆಯಿಲ್ಲ. ಈಗಾಗಲೇ 70ರ ಆಸುಪಾಸಿಗೆ ಇಳಿದಿದ್ದು, ಮಾರುವ ಯೋಚನೆಯೂ ಸಾಲ ಬದಲಿಸುವ ಅಗತ್ಯವೂ ಇಲ್ಲದವರು ಬೇಕಿದ್ದರೆ ಕಾಯಬಹುದು. ಆದರೆ ಹೊಸ ಲೆಕ್ಕದ ದರಗಳನ್ನು ಸರ್ಕಾರ ನಿಗದಿ ಮಾಡಬೇಕು, ಅದು ನಿಮಗೆ ಅನುಕೂಲವಾಗಿಯೇ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಇನ್ನು, ಫ್ರೀಹೋಲ್ಡರ್ ನೇರವಾಗಿ ಪತ್ರ ಬರೆದು "ಕಡಿಮೆಗೆ ಮಾಡಿಕೊಡುತ್ತೇವೆ, ವಕೀಲರ ಗೋಜು ಬೇಡ" ಅಂದರೆ ಸ್ವಲ್ಪ ನಿಧಾನಿಸಿ. ಅಂಥ ಪತ್ರಗಳಲ್ಲಿ 90 ವರ್ಷ ಸೇರಿಸುವ ಬದಲು ಲೀಸನ್ನು 99 ಅಥವಾ 125ಕ್ಕೆ ತಂದು ನಿಲ್ಲಿಸಿರುತ್ತಾರೆ, ಹಳೆಯ ಅವಧಿ ಮುಗಿಯುವವರೆಗೂ ಗ್ರೌಂಡ್ ರೆಂಟ್ ಹಾಗೇ ಉಳಿಸಿಕೊಂಡಿರುತ್ತಾರೆ. ಬೆಲೆ ಕಡಿಮೆ ಕಾಣುವುದು ಅದಕ್ಕೇ. ಕೆಲವು ಸಲ ನಿಜವಾಗಲೂ ಲಾಭವೇ, ಇಲ್ಲ ಅನ್ನಲ್ಲ. ಆದರೆ ಸ್ವಂತ ಸರ್ವೇಯರ್ ಲೆಕ್ಕ ಕೈಯಲ್ಲಿ ಇಟ್ಟುಕೊಂಡು ಮಾತಾಡಿ.

ಕಾನೂನಿನ ದಾರಿ ಹಿಡಿದರೆ 1993ರ ಕಾಯಿದೆಯ ಸೆಕ್ಷನ್ 42ರ ನೋಟಿಸ್ ಕೊಡಬೇಕು. ಫ್ರೀಹೋಲ್ಡರ್‌ಗೆ ಉತ್ತರ ಕೊಡಲು ಕನಿಷ್ಠ ಎರಡು ತಿಂಗಳು. ಅವರ ಉತ್ತರ ಬಂದ ಮೇಲೆ ಬೆಲೆ ಕುದುರದಿದ್ದರೆ ಎರಡು ತಿಂಗಳ ನಂತರ, ಆರು ತಿಂಗಳ ಒಳಗೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಲೇಬೇಕು. ಮಾತುಕತೆ ಚೆನ್ನಾಗೇ ನಡೀತಿದೆ ಅಂತ ಆ ದಿನ ಮರೆತರೆ ನೋಟಿಸ್ ಬಿದ್ದುಹೋಗುತ್ತದೆ, ಇನ್ನೊಂದು ಕೊಡಲು 12 ತಿಂಗಳು ಕಾಯಬೇಕು. ಅಷ್ಟರಲ್ಲಿ 80 ವರ್ಷ 79 ಆಗಿರುತ್ತದೆ.