ಪದ ಪರಿಚಯ: ಬ್ಯಾಲಟ್ ಇನಿಶಿಯೇಟಿವ್

ಸಹಿ ಸಂಗ್ರಹ ನಮಗೆ ಹೊಸದಲ್ಲ. ಕೆರೆ ಉಳಿಸಿ, ಊರಿಗೆ ಬಸ್ ಬಿಡಿ, ಶಾಲೆ ಪಕ್ಕದ ಮದ್ಯದಂಗಡಿ ತೆಗೆಸಿ ಅಂತ ಒಂದು ಹಾಳೆ ಕೈಯಿಂದ ಕೈಗೆ ಹೋಗುತ್ತದೆ. ಐನೂರೋ ಸಾವಿರವೋ ಸಹಿ ಆದಮೇಲೆ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ಕೊಟ್ಟು ಬರುತ್ತೇವೆ. ಅದು ಮನವಿ. ಕೇಳುವುದಷ್ಟೇ ನಮ್ಮ ಪಾಲು. ಮಾಡುವುದು ಬಿಡುವುದು ಅವರಿಗೆ ಬಿಟ್ಟದ್ದು.

ಅಮೆರಿಕದ ಹೆಚ್ಚುಕಡಿಮೆ ಅರ್ಧದಷ್ಟು ರಾಜ್ಯಗಳಲ್ಲಿ ಇದೇ ಸಹಿಗೆ ಬೇರೆ ತೂಕ ಇದೆ. ನಿಗದಿಯಾದಷ್ಟು ಮತದಾರರು ಸಹಿ ಹಾಕಿದರೆ, ಜನ ತಾವೇ ಬರೆದುಕೊಂಡ ಮಸೂದೆ ಚುನಾವಣೆಯ ದಿನ ಮತಪತ್ರದ ಮೇಲೆ ಪ್ರಶ್ನೆಯಾಗಿ ಬರುತ್ತದೆ. ‘ಹೌದು’ ಎಂದವರು ಜಾಸ್ತಿಯಾದರೆ ಅದು ಕಾನೂನು. ಇದೇ ಬ್ಯಾಲಟ್ ಇನಿಶಿಯೇಟಿವ್. ಬ್ಯಾಲಟ್ ಅಂದರೆ ಮತಪತ್ರ. ಇನಿಶಿಯೇಟಿವ್ ಅಂದರೆ ಮೊದಲ ಹೆಜ್ಜೆ ತಾನೇ ಇಡುವುದು. ಇಲ್ಲಿ ಆ ಹೆಜ್ಜೆ ಇಡುವವರು ಶಾಸಕರಲ್ಲ, ಜನ.

ಇದನ್ನು ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ‘ಜನಮತ ಗಣನೆ’ ಎಂದು ಬರೆದುಬಿಡುತ್ತವೆ. ಪೂರ್ತಿ ತಪ್ಪಲ್ಲ, ಆದರೆ ಒಂದು ಮುಖ್ಯ ವ್ಯತ್ಯಾಸ ಅಳಿಸಿಹೋಗುತ್ತದೆ. ಶಾಸನಸಭೆ ಮಾಡಿದ ಕಾನೂನನ್ನು ಜನರ ಮುಂದಿಟ್ಟು ‘ಇರಲಾ, ಬೇಡವಾ’ ಎಂದು ಕೇಳುವುದು ರೆಫರೆಂಡಮ್. ಇನ್ನೂ ಇಲ್ಲದ ಕಾನೂನನ್ನು ಜನರೇ ತಂದು ಮುಂದಿಡುವುದು ಇನಿಶಿಯೇಟಿವ್. ಈ ಎರಡನ್ನೂ ಮೂರೇ ವರ್ಷಗಳಲ್ಲಿ, ಒಂದೇ ವಿಷಯಕ್ಕೆ ಕಂಡ ರಾಜ್ಯ ಮೇನ್. ವಿಷಯ, ಸಲಿಂಗ ವಿವಾಹ.

ಮೇನ್ ಅಮೆರಿಕದ ಈಶಾನ್ಯ ಮೂಲೆಯಲ್ಲಿದೆ. ಕಾಡು, ಕಡಲು, ವಿಪರೀತ ಚಳಿ. ಇಡೀ ರಾಜ್ಯದ ಜನಸಂಖ್ಯೆ ಸುಮಾರು 14 ಲಕ್ಷ, ಅಂದರೆ ಹೆಚ್ಚುಕಡಿಮೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ಅಲ್ಲಿನ ಶಾಸನಸಭೆ 2009ರಲ್ಲಿ ಸಲಿಂಗ ವಿವಾಹದ ಮಸೂದೆ ಒಪ್ಪಿತು. ಮೇ 6ರಂದು ಗವರ್ನರ್ ಜಾನ್ ಬಾಲ್ಡಾಚಿ ಸಹಿ ಹಾಕಿದರು. (ಅಲ್ಲಿ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಹಾಗೆ ನೇಮಕವಾಗಿ ಬಂದವರಲ್ಲ, ಜನ ಆರಿಸಿದವರು.) ಆದರೆ ಆ ಕಾನೂನು ಜಾರಿಗೆ ಬರಲೇ ಇಲ್ಲ. ವಿರೋಧಿಗಳು ಸಹಿ ಸಂಗ್ರಹಿಸಿ ಅದನ್ನು ತಡೆದರು. ರೆಫರೆಂಡಮ್‌ನ ಈ ದಾರಿಗೆ ಮೇನ್‌ನಲ್ಲಿ ‘ಪೀಪಲ್ಸ್ ವೀಟೊ’ ಎಂದು ಹೆಸರು. ನವೆಂಬರ್ 3ರಂದು ಮತದಾನ ನಡೆದು, ಸುಮಾರು 53% ಜನ ಕಾನೂನನ್ನು ತಿರಸ್ಕರಿಸಿದರು.

ಮತಪತ್ರದ ಮಾತುಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2009ರ ಪ್ರಶ್ನೆ ಹೀಗೆ ಶುರುವಾಗುತ್ತಿತ್ತು: ಸಲಿಂಗ ಜೋಡಿಗಳು ಮದುವೆಯಾಗಲು ಬಿಡುವ ಹೊಸ ಕಾನೂನನ್ನು ತಿರಸ್ಕರಿಸಲು ಬಯಸುತ್ತೀರಾ? ಅಂದರೆ ‘ಹೌದು’ ಅಂದರೆ ಮದುವೆ ಬೇಡ, ‘ಇಲ್ಲ’ ಅಂದರೆ ಮದುವೆ ಬೇಕು. ಮೂರು ವರ್ಷದ ನಂತರ, 2012ರಲ್ಲಿ, ಮದುವೆಯ ಪರ ಇದ್ದವರೇ ತಂದ ಇನಿಶಿಯೇಟಿವ್‌ನ ಪ್ರಶ್ನೆ: ಸಲಿಂಗ ಜೋಡಿಗಳಿಗೆ ಮದುವೆ ಪರವಾನಗಿ ಕೊಡಲು ಮೇನ್ ರಾಜ್ಯಕ್ಕೆ ಅವಕಾಶ ಕೊಡಲು ಬಯಸುತ್ತೀರಾ? ಈಗ ‘ಹೌದು’ ಅಂದರೆ ಹೌದೇ. ಸೋತವರು ಮತ್ತೆ ಎದ್ದು ಬಂದು, ಬೇಡ ಎನ್ನುವವರ ಪ್ರಶ್ನೆಗೆ ಉತ್ತರ ಹೇಳುವುದನ್ನು ಬಿಟ್ಟು, ವಿಷಯವನ್ನು ತಾವಾಗಿಯೇ ಜನರ ಮುಂದಿಟ್ಟರು. ನನ್ನ ಮಟ್ಟಿಗೆ ಇನಿಶಿಯೇಟಿವ್ ಎಂಬ ಪದದ ಜೀವ ಇರುವುದೇ ಇಲ್ಲಿ.

ಅದು ಸುಲಭವಿರಲಿಲ್ಲ. 2010ರ ಚುನಾವಣೆಯಲ್ಲಿ ಶಾಸನಸಭೆಯೂ ಗವರ್ನರ್ ಸ್ಥಾನವೂ, ಸಲಿಂಗ ವಿವಾಹವನ್ನು ಹೆಚ್ಚಾಗಿ ವಿರೋಧಿಸುತ್ತಿದ್ದ ರಿಪಬ್ಲಿಕನ್ ಪಕ್ಷದ ಕೈ ಸೇರಿದ್ದವು. ಆ ಬಾಗಿಲು ಮುಚ್ಚಿತ್ತು. ಉಳಿದದ್ದು ಮನೆಮನೆ ಬಾಗಿಲು. ನಿಯಮದ ಪ್ರಕಾರ, ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ 10%ರಷ್ಟು ಸಹಿ ಬೇಕು. ಆಗ ಅದು 57,277. ಸಂಗ್ರಹವಾದದ್ದು 1 ಲಕ್ಷಕ್ಕೂ ಹೆಚ್ಚು. 2012ರ ಜನವರಿಯಲ್ಲಿ ಅವನ್ನು ಸಲ್ಲಿಸಿದರು. ಅದರಲ್ಲಿ 85,216 ಸಹಿಗಳು ಸರಿ ಎಂದು ರಾಜ್ಯ ಒಪ್ಪಿತು.

ಸಹಿ ‘ಸರಿ’ ಅನಿಸಿಕೊಳ್ಳುವುದೂ ಸುಮ್ನೆ ಅಲ್ಲ. ಹಾಳೆ ಹಿಡಿದು ಹೋದವರ ಕಣ್ಣೆದುರೇ ಪ್ರತಿಯೊಬ್ಬರೂ ಸಹಿ ಹಾಕಬೇಕು. ಆಮೇಲೆ ಹಾಳೆ ಹಿಡಿದು ಹೋದವರು ನೋಟರಿ ಮುಂದೆ ಪ್ರಮಾಣ ಮಾಡಬೇಕು. ನಂತರ ಹಾಳೆಗಳು ಆಯಾ ಊರಿನ ಕಚೇರಿಗೆ ಹೋಗುತ್ತವೆ. ಅಲ್ಲಿ ಒಂದೊಂದು ಹೆಸರನ್ನೂ ಮತದಾರರ ಪಟ್ಟಿಯ ಜೊತೆ ತಾಳೆ ನೋಡುತ್ತಾರೆ. ಎರಡು ಊರಿನವರು ಒಂದೇ ಹಾಳೆಯಲ್ಲಿ ಸಹಿ ಹಾಕಿದರೆ ಆ ಹಾಳೆ ಎರಡು ಕಚೇರಿ ಸುತ್ತಬೇಕು. ಇಷ್ಟಾದಮೇಲೂ ಮಸೂದೆ ಮೊದಲು ಶಾಸನಸಭೆಗೇ ಹೋಗುತ್ತದೆ. ಅವರು ಅದನ್ನು ಹಾಗೇ ಒಪ್ಪಿದರೆ ಸರಿ, ಇಲ್ಲದಿದ್ದರೆ ಮತಪತ್ರಕ್ಕೆ. ಅವರು ಒಪ್ಪಲಿಲ್ಲ.

ಇಂಥ ಪ್ರಚಾರವನ್ನು ‘ಗ್ರಾಸ್‌ರೂಟ್ಸ್’ ಅನ್ನುತ್ತಾರೆ. ಅಕ್ಷರಶಃ ಹುಲ್ಲಿನ ಬೇರು. ನಾವು ತಳಮಟ್ಟದ ಹೋರಾಟ ಅನ್ನುತ್ತೇವೆ. ದೊಡ್ಡ ಹಣವೂ ಟಿವಿ ಜಾಹೀರಾತೂ ಮೇನ್‌ನಲ್ಲಿ ಇದ್ದವು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನಿಜವಾದ ಕೆಲಸ ನಡೆದದ್ದು ಹೊಸ್ತಿಲಲ್ಲಿ. ಹಿಂದಿನ ಪ್ರಚಾರಗಳು ಹಕ್ಕು, ತೆರಿಗೆ, ವಿಮೆ, ಆಸ್ಪತ್ರೆಯಲ್ಲಿ ಸಂಗಾತಿಯನ್ನು ನೋಡುವ ಅವಕಾಶ, ಇವನ್ನೇ ಹೇಳುತ್ತಿದ್ದವು. ಎಲ್ಲವೂ ನಿಜವೇ. ಆದರೆ ಕೇಳಿದವರಿಗೆ ಏನನಿಸುತ್ತಿತ್ತು? ‘ನಾವು ಪ್ರೀತಿಗೆ ಮದುವೆಯಾದೆವು, ಇವರು ಸೌಲಭ್ಯಕ್ಕೆ ಕೇಳುತ್ತಿದ್ದಾರೆ.’ ಹಾಗಾಗಿ ಈ ಸಲ ಸ್ವಯಂಸೇವಕರು ಭಾಷಣ ಬಿಟ್ಟು ಪ್ರಶ್ನೆ ಕೇಳಲು ಕಲಿತರು. ನಿಮ್ಮ ಮದುವೆ ಆಗಿ ಎಷ್ಟು ವರ್ಷ? ಮದುವೆ ಅಂದರೆ ನಿಮಗೇನು? ಮನೆಯವರು ತಮ್ಮ ಕಥೆ ಹೇಳುತ್ತಾರೆ. ಕಷ್ಟದಲ್ಲಿ ಜೊತೆ ನಿಂತದ್ದು, ಕಾಯಿಲೆಯಲ್ಲಿ ನೋಡಿಕೊಂಡದ್ದು. ಆಮೇಲೆ ಬಂದವರು ಹೇಳುತ್ತಾರೆ: ನಮಗೂ ಅದೇ ಬೇಕು.

ಹೀಗೆ ಮಾತಾಡುವುದಕ್ಕೆ ಎಷ್ಟು ಎದೆ ಬೇಕು ಯೋಚಿಸಿ. ಬಾಗಿಲು ತೆಗೆಯುವವರು ಮೂರು ವರ್ಷದ ಹಿಂದೆ ನಿಮ್ಮ ವಿರುದ್ಧ ಮತ ಹಾಕಿದವರೇ ಇರಬಹುದು.

2012ರ ನವೆಂಬರ್ 6ರಂದು ಸುಮಾರು 53% ಜನ ‘ಹೌದು’ ಎಂದರು. ಮೂರು ವರ್ಷದ ಹಿಂದಿನ ಅಂಕಿಯೇ ಹೆಚ್ಚುಕಡಿಮೆ ತಲೆಕೆಳಗಾಗಿತ್ತು! ಅಲ್ಲಿಯವರೆಗೆ 30ಕ್ಕೂ ಹೆಚ್ಚು ರಾಜ್ಯಗಳ ಮತದಾರರು ಸಲಿಂಗ ವಿವಾಹಕ್ಕೆ ಬೇಡ ಎಂದಿದ್ದರು. ಡಿಸೆಂಬರ್ 29ರಂದು ಕಾನೂನು ಜಾರಿಗೆ ಬಂತು. ಪೋರ್ಟ್‌ಲ್ಯಾಂಡ್ ನಗರದಲ್ಲಿ ಬೆಳಗಾಗುವವರೆಗೂ ಕಾಯಲಿಲ್ಲ. ನಡುರಾತ್ರಿಯೇ ಸಿಟಿ ಹಾಲ್ ಬಾಗಿಲು ತೆರೆದು ಪರವಾನಗಿ ಕೊಟ್ಟರು. ಹೊರಗೆ ಕೊರೆಯುವ ಚಳಿ, ಆದರೂ ಜನ ಸೇರಿದ್ದರು.

ಮೇನ್ ಮತ ಹಾಕಿದ ನವೆಂಬರ್ 6ರಂದೇ ಮೇರಿಲ್ಯಾಂಡ್, ವಾಷಿಂಗ್ಟನ್ ರಾಜ್ಯಗಳೂ ಒಪ್ಪಿದವು. ಆದರೆ ಅಲ್ಲಿ ನಡೆದದ್ದು ರೆಫರೆಂಡಮ್: ಶಾಸನಸಭೆ ಮೊದಲೇ ಮಾಡಿದ್ದ ಕಾನೂನನ್ನು ಜನ ಉಳಿಸಿಕೊಂಡರು. ಒರೆಗಾನ್‌ನಲ್ಲೂ 2014ಕ್ಕೆ ಇನಿಶಿಯೇಟಿವ್ ತಯಾರಾಗಿತ್ತು, ಸಾಕಷ್ಟು ಸಹಿಯೂ ಆಗಿತ್ತು. ಆ ಮೇ 19ರಂದು ನ್ಯಾಯಾಲಯವೇ ನಿಷೇಧವನ್ನು ತೆಗೆದುಹಾಕಿತು. ಹಾಳೆಗಳನ್ನು ಸಲ್ಲಿಸುವ ಅಗತ್ಯವೇ ಬೀಳಲಿಲ್ಲ. ಮರುವರ್ಷ ಜೂನ್ 26ರಂದು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಇದನ್ನು ಅನ್ವಯಿಸಿತು.

ಈ ಸಾಧನ ಎರಡೂ ಕಡೆ ಹರಿತ. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಇದೇ ಇನಿಶಿಯೇಟಿವ್ ದಾರಿಯಲ್ಲಿ, ‘ಪ್ರೊಪೊಸಿಷನ್ 8’ ಎಂಬ ಹೆಸರಿನಲ್ಲಿ, ಆಗಷ್ಟೇ ಸಿಕ್ಕಿದ್ದ ಮದುವೆಯ ಹಕ್ಕನ್ನು ಕಿತ್ತುಕೊಂಡರು. ಯಾರದೋ ಮದುವೆಗೆ ಊರೆಲ್ಲ ಮತ ಹಾಕುವುದು ಸರಿಯಲ್ಲ ಎಂದೇ ನನ್ನ ಭಾವನೆ. ಆದರೂ ಮೇನ್‌ನ ಜನ ಆ ಅನ್ಯಾಯದ ದಾರಿಯಲ್ಲೇ ನಡೆದು, ನೆರೆಯವರ ಮನಸ್ಸು ಗೆದ್ದರು. ಅವರ ಬಗ್ಗೆ ನನಗೆ ದೊಡ್ಡ ಗೌರವ.

ಭಾರತದಲ್ಲಿ ಈ ದಾರಿ ಇಲ್ಲ. ಸಲಿಂಗ ವಿವಾಹದ ವಿಷಯ ಶಾಸಕಾಂಗಕ್ಕೆ ಸೇರಿದ್ದು ಎಂದು ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಹೇಳಿತು. ನಾವು ಎಷ್ಟು ಲಕ್ಷ ಸಹಿ ಕೂಡಿಸಿದರೂ ಅದು ಮನವಿಯಾಗಿಯೇ ಹೋಗುತ್ತದೆ. ಹಾಗಾಗಿಯೇ ಈ ಪದಕ್ಕೆ ಕನ್ನಡದಲ್ಲಿ ಬಳಕೆಯ ಮಾತು ಹುಟ್ಟಿಲ್ಲ ಅನಿಸುತ್ತದೆ. ನಾನಾದರೆ ‘ಜನರ ಮಸೂದೆ’ ಎಂದು ಬರೆಯುತ್ತೇನೆ.