ಕನ್ನಡಿ ವಾಲುವುದು ಎರಡೇ ಕಡೆಗೆ, ಹಾಗಾದರೆ ಬೂದು ಬಣ್ಣ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಡಿಎಲ್‌ಪಿ ಪ್ರೊಜೆಕ್ಟರ್ ಒಳಗಿನ ಚಿಪ್ ಮೇಲೆ ಲಕ್ಷಗಟ್ಟಲೆ ಪುಟ್ಟ ಕನ್ನಡಿಗಳಿವೆ, ಒಂದೊಂದೂ ಆನ್ ಇಲ್ಲವೇ ಆಫ್ ಅಷ್ಟೇ ಅಂತ ಓದಿದೆ. ಹಾಗಿದ್ದರೆ ಪರದೆ ಮೇಲೆ ಬರೀ ಕಪ್ಪು, ಬಿಳುಪು ಕಾಣಬೇಕಲ್ವಾ?

ಉತ್ತರ: ಕಾಣಬೇಕಿತ್ತು, ನಮ್ಮ ಕಣ್ಣು ಇನ್ನೂ ಚುರುಕಾಗಿದ್ದಿದ್ದರೆ. ಕನ್ನಡಿ ಬೆಳಕನ್ನು ಮಂದ ಮಾಡುವುದೇ ಇಲ್ಲ. ಬೆಳಕು ಪರದೆಗೆ ಬೀಳುವ ಹೊತ್ತನ್ನು ಕಡಿಮೆ ಮಾಡುತ್ತದೆ. ಅಷ್ಟೇ ಗುಟ್ಟು.

ಫುಲ್ ಎಚ್‌ಡಿ ಚಿಪ್ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷ ದಾಟುವ ಅಲ್ಯೂಮಿನಿಯಂ ಕನ್ನಡಿಗಳು, ಒಂದೊಂದೂ ಕೂದಲೆಳೆಗಿಂತ ಎಷ್ಟೋ ಸಣ್ಣದು. ಪ್ರತಿ ಕನ್ನಡಿಯ ಕೆಳಗೂ ಒಂದು ಮೆಮೊರಿ ಕೋಶ ಇದೆ. ಅಲ್ಲಿ 1 ಬರೆದರೆ ಕನ್ನಡಿ ಸುಮಾರು 12 ಡಿಗ್ರಿ ಈ ಕಡೆ ವಾಲಿ ಬೆಳಕನ್ನು ಲೆನ್ಸ್‌ಗೆ ಕಳಿಸುತ್ತದೆ. 0 ಬರೆದರೆ ಅಷ್ಟೇ ಆ ಕಡೆ ವಾಲುತ್ತದೆ, ಬೆಳಕು ಒಳಗಿನ ಕಪ್ಪು ಗೋಡೆಗೆ ಬಿದ್ದು ಅಲ್ಲೇ ಮುಗಿಯುತ್ತದೆ. ಈ ವಾಲಾಟಕ್ಕೆ ಬೇಕಾಗುವುದು ಕೆಲವೇ ಮೈಕ್ರೋಸೆಕೆಂಡ್.

ಈಗ ಲೆಕ್ಕ ನೋಡಿ. ಸೆಕೆಂಡಿಗೆ 60 ಚಿತ್ರ, ಪ್ರತಿ ಚಿತ್ರಕ್ಕೆ ಕೆಂಪು, ಹಸಿರು, ನೀಲಿ ಒಂದಾದ ಮೇಲೆ ಒಂದು. ಸಮನಾಗಿ ಹಂಚಿದರೆ ಒಂದು ಬಣ್ಣಕ್ಕೆ ಸಿಗುವುದು ಸುಮಾರು 5.5 ಮಿಲಿಸೆಕೆಂಡ್. ಅದನ್ನು 1, 2, 4, 8 ಹೀಗೆ 128ರವರೆಗೆ ದುಪ್ಪಟ್ಟಾಗುವ ಎಂಟು ತುಂಡುಗಳಾಗಿ ಒಡೆಯುತ್ತಾರೆ, ಅಂದರೆ ತಕ್ಕಡಿಗೆ ಇಡುವ ತೂಕದ ಕಲ್ಲುಗಳ ಹಾಗೆ ಯಾವ ತುಂಡು ಬೇಕೋ ಅದನ್ನು ಮಾತ್ರ ಆರಿಸಿ ಸೇರಿಸಿದರೆ 0ಯಿಂದ 255ರವರೆಗಿನ ಯಾವ ಮಟ್ಟ ಬೇಕಾದರೂ ಸಿಗುತ್ತದೆ. ಅತಿ ಸಣ್ಣ ತುಂಡು ಸುಮಾರು 22 ಮೈಕ್ರೋಸೆಕೆಂಡ್. ಕಣ್ಣಿಗೆ ಇದ್ಯಾವುದೂ ಬಿಡಿಬಿಡಿಯಾಗಿ ಗೊತ್ತಾಗಲ್ಲ, ಎಲ್ಲ ಕೂಡಿ ಒಂದು ಛಾಯೆಯಾಗಿ ಕಾಣುತ್ತದೆ. ಅನುಮಾನ ಇದ್ದರೆ ಬಣ್ಣದ ಚಕ್ರ (ಬೆಳಕಿನ ದಾರಿಯಲ್ಲಿ ತಿರುಗುತ್ತ ಬಣ್ಣ ಬದಲಿಸುವ ಗಾಜಿನ ಬಿಲ್ಲೆ) ಇರುವ, ಒಂದೇ ಚಿಪ್ ಬಳಸುವ ಪ್ರೊಜೆಕ್ಟರ್ ಮುಂದೆ ಬೆರಳು ಬಿಡಿಸಿ ಕೈಯನ್ನು ಜೋರಾಗಿ ಆಡಿಸಿ. ನೆರಳಿನ ಅಂಚಿನಲ್ಲಿ ಬಣ್ಣಗಳು ಬೇರೆ ಬೇರೆಯಾಗಿ ಇಣುಕುತ್ತವೆ.

ಕನ್ನಡಿಯನ್ನು ಅರ್ಧ ಮಾತ್ರ ವಾಲಿಸಿದರೆ ಆಗಲ್ವಾ ಅಂತ ನೀವು ಕೇಳಬಹುದು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಚಿಪ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1977ರಿಂದ ಮಾಡುತ್ತಿದ್ದದ್ದೇ ಆ ಥರದ ಕೆಲಸ. ಕೊಡುವ ವೋಲ್ಟೇಜಿಗೆ ತಕ್ಕಷ್ಟು ಬಾಗುವ ಕನ್ನಡಿ. ಆದರೆ ಲಕ್ಷ ಕನ್ನಡಿಗಳು ಒಂದೇ ವೋಲ್ಟೇಜಿಗೆ ಒಂದೇ ಅಳತೆಗೆ ಬಾಗಬೇಕು ಅನ್ನುವುದು ತುಂಬಾ ಕಷ್ಟದ ಬೇಡಿಕೆ. 1987ರಲ್ಲಿ ಅವರು ಆ ದಾರಿ ಬಿಟ್ಟು ಎರಡೇ ನಿಲುವಿನ ಕನ್ನಡಿಗೆ ಬಂದರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಇದೇ ತಿರುವು: ನಿಖರವಾಗಿ ಬಾಗಿಸುವುದು ಕಷ್ಟ, ನಿಖರವಾಗಿ ಹೊತ್ತು ಅಳೆಯುವುದು ಎಲೆಕ್ಟ್ರಾನಿಕ್ಸ್‌ಗೆ ಸುಲಭ, ಹಾಗಾಗಿ ಕಷ್ಟವನ್ನು ಸುಲಭದ ಕಡೆಗೆ ದಾಟಿಸಿಬಿಟ್ಟರು. 2015ರಲ್ಲಿ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಗೌರವವೂ ಸಿಕ್ಕಿತು, ಸಿನಿಮಾ ಮಂದಿರಗಳಿಂದ ರೀಲು ಹೋಗಲು ಈ ಚಿಪ್ ದೊಡ್ಡ ಕಾರಣ.

ಎಲ್ಲಿ ಬೆಳಕು ಬೀಳಬೇಕು, ಎಷ್ಟು ಹೊತ್ತು ಬೀಳಬೇಕು ಎರಡೂ ಕೈಗೆ ಸಿಕ್ಕ ಮೇಲೆ ಈ ಚಿಪ್ ಸಿನಿಮಾಕ್ಕೆ ಮಾತ್ರ ಉಳಿಯಲಿಲ್ಲ. 3ಡಿ ಪ್ರಿಂಟರ್ ಒಳಗೆ, ಬೆಳಕು ತಾಗಿದರೆ ಗಟ್ಟಿಯಾಗುವ ರೆಸಿನ್ ಎಂಬ ದ್ರವದ ಮೇಲೆ ಒಂದಿಡೀ ಪದರದ ಚಿತ್ರ ಬೀಳಿಸಿದರೆ ಆ ಪದರ ಒಂದೇ ಸಲಕ್ಕೆ ಗಟ್ಟಿಯಾಗುತ್ತದೆ, ಹಲ್ಲಿನ ಅಚ್ಚು, ಶ್ರವಣ ಯಂತ್ರದ ಕವಚ ಹೀಗೇ ತಯಾರಾಗುತ್ತವೆ. ಇಲ್ಲೂ ಬೂದು ಛಾಯೆ ಕೆಲಸಕ್ಕೆ ಬರುತ್ತದೆ: ಅಂಚಿನ ಪಿಕ್ಸೆಲ್‌ಗೆ ಕಡಿಮೆ ಹೊತ್ತು ಬೆಳಕು ಕೊಟ್ಟರೆ ಮೆಟ್ಟಿಲು ಮೆಟ್ಟಿಲಾದ ಅಂಚು ನಯವಾಗುತ್ತದೆ. ಅಗ್ಗದ ರೆಸಿನ್ ಪ್ರಿಂಟರ್‌ಗಳಲ್ಲಿ ಈ ಚಿಪ್ ಬದಲು ಜಾಸ್ತಿ ಇರುವುದು ಎಲ್‌ಸಿಡಿ ಪರದೆ. ಅದು ನೇರಳಾತೀತಕ್ಕೆ ಹತ್ತಿರದ ಬೆಳಕಿಗೆ ನಿಧಾನವಾಗಿ ಹಾಳಾಗಿ ಬದಲಿಸಬೇಕಾಗುತ್ತದೆ. ದಿನವಿಡೀ ಓಡುವ ಯಂತ್ರಕ್ಕೆ ಲೋಹದ ಕನ್ನಡಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಫೋಟೋ ತೆಗೆಯುವ ಕಡೆ ಇನ್ನೂ ಮಜವಾಗಿದೆ. 2006ರ ಸುಮಾರಿಗೆ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಒಂದೇ ಪಿಕ್ಸೆಲ್‌ನ ಕ್ಯಾಮೆರಾ ತೋರಿಸಿದರು. ದೃಶ್ಯದ ಬೆಳಕು ಕನ್ನಡಿಗಳ ಮೇಲೆ ಬೀಳುತ್ತದೆ, ಕನ್ನಡಿಗಳು ಒಂದಾದ ಮೇಲೊಂದು ಅಡ್ಡಾದಿಡ್ಡಿ ವಿನ್ಯಾಸ ಹಾಕುತ್ತವೆ, ಪ್ರತಿ ಸಲ ಒಟ್ಟು ಎಷ್ಟು ಬೆಳಕು ಬಂತು ಅಂತ ಒಂದೇ ಸೆನ್ಸರ್ ಅಳೆಯುತ್ತದೆ, ಆ ಮೊತ್ತಗಳಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಸೆನ್ಸರ್ ದುಬಾರಿಯಾದ ಇನ್‌ಫ್ರಾರೆಡ್‌ನಲ್ಲಿ ಇದು ನಿಜಕ್ಕೂ ಉಪಯೋಗ.

ಈ ಕ್ಯಾಮೆರಾ ಒಳಗೇ ಗಣಿತವೂ ಅಡಗಿದೆ. ಬೆಳಕು × ಕನ್ನಡಿಯ 0 ಅಥವಾ 1 ಅಂದರೆ ಗುಣಾಕಾರ. ಲೆನ್ಸ್ ಎಲ್ಲವನ್ನೂ ಒಂದೆಡೆ ಸೇರಿಸಿದರೆ ಕೂಡಿಕೆ. ಎಐ ಲೆಕ್ಕಗಳಲ್ಲಿ ಬಹುಪಾಲು ಇದೇ ಆಗಿರುವುದರಿಂದ ಬೆಳಕಿನಲ್ಲೇ ಲೆಕ್ಕ ಮಾಡುವ ಪ್ರಯೋಗಗಳಲ್ಲಿ ಈ ಚಿಪ್ ಬಳಸುತ್ತಾರೆ. ಆದರೆ ವೇಗದ ಚಿಪ್‌ಗಳೂ ವಿನ್ಯಾಸ ಬದಲಿಸುವುದು ಸೆಕೆಂಡಿಗೆ ಹತ್ತಾರು ಸಾವಿರ ಸಲ, ಸಾಮಾನ್ಯ ಪ್ರೊಸೆಸರ್ ಅದೇ ಸೆಕೆಂಡಿಗೆ ನೂರಾರು ಕೋಟಿ ಹೆಜ್ಜೆ ಇಡುತ್ತದೆ. ಆದ್ದರಿಂದ ಕನ್ನಡಿಯಲ್ಲಿ ಇಟ್ಟ ಅಂಕಿಗಳನ್ನು ಪದೇ ಪದೇ ಬದಲಿಸದೆ ಒಂದೇ ಸಲಕ್ಕೆ ಲಕ್ಷಾಂತರ ಗುಣಾಕಾರ ಬೇಕಾಗುವ ಕೆಲಸಕ್ಕೆ ಮಾತ್ರ ಇದು ಹೊಂದುತ್ತದೆ.