ಓದುಗರ ಪ್ರಶ್ನೆ: ಡೆಕ್ ತೊಳೆಯುವ ವ್ಯವಹಾರಕ್ಕೆ ಎಷ್ಟು ಪಿಎಸ್‌ಐ ಯಂತ್ರ ಬೇಕು?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇನೆ. ಗ್ರೀನ್ ಕಾರ್ಡ್ ಕೈಗೆ ಬಂದಿರುವುದರಿಂದ, ಕಚೇರಿ ಕೆಲಸದ ಜೊತೆಗೆ ವಾರಾಂತ್ಯಗಳಲ್ಲಿ ಮರದ ಡೆಕ್‌ಗಳನ್ನು (ಮನೆಗೆ ಹೊಂದಿಕೊಂಡ ಹಲಗೆಯ ತೆರೆದ ಜಗಲಿಗಳನ್ನು) ತೊಳೆದು ಸ್ಟೇನ್ (ಮರಕ್ಕೆ ಬಳಿಯುವ ರಕ್ಷಕ ಬಣ್ಣ) ಹಚ್ಚಿಕೊಡುವ ಸಣ್ಣ ವ್ಯವಹಾರ ಆರಂಭಿಸುವ ಯೋಚನೆಯಿದೆ. 3,000 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಒತ್ತಡ ಅಳೆಯುವ ಮಾನ) ಪ್ರೆಷರ್ ವಾಷರ್, ಅಂದರೆ ರಭಸದಿಂದ ನೀರು ಚಿಮ್ಮಿಸಿ ತೊಳೆಯುವ ಯಂತ್ರ ಸಾಕೇ, ಅಥವಾ 4,000 ಪಿಎಸ್‌ಐ ಯಂತ್ರವನ್ನೇ ಕೊಳ್ಳಬೇಕೇ?

ಉತ್ತರ: ಹಿಮ ಕರಗಿ ಏಪ್ರಿಲ್ ಕಾಲಿಡುತ್ತಿದ್ದಂತೆ ಈ ಪ್ರಶ್ನೆಯೂ ಕಾಲಿಡುತ್ತದೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆಯಲ್ಲಿರುವ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತದೆ; ನನ್ನ ಉತ್ತರ ಮಾತ್ರ ಇದ್ದಲ್ಲೇ ಇದೆ. ಸೀಡರ್, ಪೈನ್‌ಗಳಂಥ ಮೆದು ಮರಕ್ಕೆ 500ರಿಂದ 600 ಪಿಎಸ್‌ಐ ಸಾಕು. ಇಪೆಯಂಥ ಗಟ್ಟಿ ಮರಕ್ಕೂ 1,200ರ ಆಚೆಗೆ ಹೋಗಬೇಕಾದ ಸಂದರ್ಭ ನನಗೆ ಬಂದಿಲ್ಲ. ನೀವು ಹೆಸರಿಸಿರುವ ಎರಡು ಯಂತ್ರಗಳಲ್ಲಿ ಯಾವುದನ್ನು ಕೊಂಡರೂ ಅದರ ಶಕ್ತಿಯ ಹೆಚ್ಚಿನ ಪಾಲನ್ನು ಅಡಗಿಸಿಟ್ಟುಕೊಂಡೇ ಕೆಲಸ ಮಾಡಬೇಕಾಗುತ್ತದೆ.

ಇಷ್ಟಕ್ಕೆ ಉತ್ತರ ಮುಗಿಯಬೇಕಿತ್ತು. ಆದರೆ ಈ ಪ್ರಶ್ನೆಯ ಬೆನ್ನಿಗೆ ಒಂದು ನಂಬಿಕೆ ಅಂಟಿಕೊಂಡಿದೆ: ಕೊಳೆಯನ್ನು ತೆಗೆಯುವುದು ನೀರಿನ ಒತ್ತಡ, ಆದ್ದರಿಂದ ಒತ್ತಡ ಹೆಚ್ಚಾದಷ್ಟೂ ಡೆಕ್ ಸ್ವಚ್ಛವಾಗುತ್ತದೆ ಎಂಬುದು. ಈ ನಂಬಿಕೆ ಇರುವವರೆಗೆ ನನ್ನ 600 ಎಂಬ ಅಂಕಿಯನ್ನು ಯಾರೂ ನಂಬುವುದಿಲ್ಲ ಎಂಬುದು ನನಗೆ ಅನುಭವದಿಂದ ಗೊತ್ತಾಗಿದೆ.

ಡೆಕ್ಕಿನ ಮೇಲೆ ಕಾಣುವ ಬೂದುಬಣ್ಣದಲ್ಲಿ ಹೊರಗಿನಿಂದ ಬಂದು ಕೂತ ಧೂಳಿನ ಪಾಲು ಕಡಿಮೆ. ಮರದ ನಾರುಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವ ಅಂಟು ಲಿಗ್ನಿನ್. ಬಿಸಿಲಿನ ಅತಿನೇರಳೆ ಕಿರಣಗಳು ಅದನ್ನು ಒಡೆಯುತ್ತವೆ, ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ, ಅಂಟು ಕಳೆದುಕೊಂಡ ನಾರುಗಳು ಸಡಿಲವಾಗಿ ಮೇಲೆ ಉಳಿಯುತ್ತವೆ. ಅವುಗಳ ಮೇಲೆ ಕಪ್ಪು ಬೂಷ್ಟು ಬೆಳೆಯಿತೆಂದರೆ ನಾವು ಕೊಳೆ ಎಂದು ಕರೆಯುವ ಪದರ ಸಿದ್ಧವಾಯಿತು. ಅದು ಬಹಳ ತೆಳುವಾದದ್ದು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯದ ಲೆಕ್ಕದಂತೆ, ಯಾವ ಬಣ್ಣವೂ ಇಲ್ಲದೆ ಬಿಸಿಲುಮಳೆಗೆ ನಿಂತ ಮೆದು ಮರ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್. ನೀವು 3,000 ಪಿಎಸ್‌ಐ ನೀರಿನಿಂದ ಒಂದೂವರೆ ಮಿಲಿಮೀಟರ್ ಕೆತ್ತಿದಿರೆಂದರೆ, ಪ್ರಕೃತಿ 25 ವರ್ಷಗಳಲ್ಲಿ ಮಾಡುತ್ತಿದ್ದ ಹಾನಿಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ, ಅದಕ್ಕೆ ಗ್ರಾಹಕರಿಂದ ಹಣವನ್ನೂ ಪಡೆದಂತಾಗುತ್ತದೆ.

ಕೆತ್ತನೆಯಾದರೂ ಸಮನಾಗಿ ಆಗುತ್ತದೆಯೇ ಎಂದರೆ ಅದೂ ಇಲ್ಲ. ಹಲಗೆಯಲ್ಲಿ ಕಾಣುವ ತಿಳಿಬಣ್ಣದ ಪಟ್ಟೆ ವಸಂತದಲ್ಲಿ ಬೇಗ ಬೆಳೆದ ಮೆದು ಭಾಗ, ಗಾಢಬಣ್ಣದ ಗೆರೆ ಬೇಸಗೆಯ ಕೊನೆಯಲ್ಲಿ ನಿಧಾನವಾಗಿ ಬೆಳೆದ ಗಟ್ಟಿ ಭಾಗ. ರಭಸದ ನೀರು ಮೆದುವಾದದ್ದನ್ನು ತೋಡುತ್ತದೆ, ಗಟ್ಟಿಯಾದದ್ದನ್ನು ಬಿಟ್ಟುಹೋಗುತ್ತದೆ. ಹಲಗೆ ಉತ್ತ ಹೊಲದಂತಾಗುತ್ತದೆ. ಮಕ್ಕಳು ಬರಿಗಾಲಿನಲ್ಲಿ ಓಡಾಡಿದರೆ ಸಿಬಿರು ಚುಚ್ಚುತ್ತದೆ.

‘ನಮ್ಮ ಪಕ್ಕದ ಮನೆಯವರು ಹಾಗೆಯೇ ಮಾಡಿದರು, ಚಿನ್ನದಂತೆ ಹೊಳೆಯಿತು’ ಎಂದು ಈ ಹಂತದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೊಳೆದೇ ಹೊಳೆಯುತ್ತದೆ, ಏಕೆಂದರೆ ಮೇಲಿನ ಮರವನ್ನು ಕಿತ್ತುಹಾಕಿದರೆ ಕೆಳಗಿನ ಹೊಸ ಮರ ಕಾಣುತ್ತದೆ, ಅಲ್ಲದೆ ಒದ್ದೆಯಾಗಿರುವಾಗ ಯಾವ ಮರವೂ ಚೆನ್ನಾಗಿಯೇ ಕಾಣುತ್ತದೆ. ಎರಡು ದಿನ ಒಣಗಲು ಬಿಟ್ಟು ಅದೇ ಡೆಕ್ಕನ್ನು ನೋಡಬೇಕು. ಎಳೆಗಳೆದ್ದು ಬೆಕ್ಕಿನ ಮೈಯಂತೆ ತುಪ್ಪುಳಾಗಿರುತ್ತದೆ. ಯಂತ್ರದ ನೀರು ಚಿಮ್ಮುವ ಕೋಲನ್ನು ಅರ್ಧಚಂದ್ರಾಕಾರದಲ್ಲಿ ಬೀಸಿದ ಕಡೆಯೆಲ್ಲ ಆ ಆಕಾರದ್ದೇ ಗುರುತುಗಳು ಮೂಡಿರುತ್ತವೆ. ಸ್ಟೇನ್ ಹಚ್ಚಿದರೆ ಅವು ಮುಚ್ಚಿಹೋಗುವುದಿಲ್ಲ, ಇನ್ನಷ್ಟು ಎದ್ದು ಕಾಣುತ್ತವೆ. ಇದನ್ನು ಇಷ್ಟು ನಿಖರವಾಗಿ ಹೇಳಬಲ್ಲೆನಾದರೆ ಅದಕ್ಕೆ ಕಾರಣವಿದೆ: ಈ ಕೆಲಸಕ್ಕೆ ಇಳಿದ ಮೊದಲ ವರ್ಷ ಒಂದು ಸೀಡರ್ ಡೆಕ್ಕಿನ ಮೇಲೆ ನಾನೇ ಇಂಥ ಅರ್ಧಚಂದ್ರಗಳನ್ನು ಬರೆದು, ಎರಡು ದಿನ ಮೊಣಕಾಲೂರಿ ಸ್ಯಾಂಡಿಂಗ್ ಮಾಡಿ ಅಳಿಸಿದ್ದೇನೆ. ಅಳಿಸಲಾಗದ ಮೂರು ಹಲಗೆಗಳನ್ನು ನನ್ನ ಖರ್ಚಿನಲ್ಲೇ ಬದಲಾಯಿಸಿಕೊಟ್ಟೆ.

ಹಾಗಾದರೆ ಕೊಳೆಯನ್ನು ತೆಗೆಯುವುದು ಯಾವುದು? ನಮ್ಮ ಊರುಗಳಲ್ಲಿ ಬಟ್ಟೆ ಒಗೆದವರಿಗೆಲ್ಲ ಇದರ ಉತ್ತರ ಗೊತ್ತಿದೆ. ನೆನೆಹಾಕದ ಬಟ್ಟೆಯನ್ನು ಬಂಡೆಗೆ ಬಡಿದರೆ ಕೊಳೆಗಿಂತ ಮೊದಲು ಬಟ್ಟೆಯೇ ಹೋಗುತ್ತದೆ. ಡೆಕ್ಕಿಗೂ ನೆನೆಯುವ ಕಾಲ ಬೇಕು. ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಬಿಳಿ ಪುಡಿಯನ್ನು ನೀರಿಗೆ ಹಾಕಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿಯೂ ವಾಷಿಂಗ್ ಸೋಡಾ ಆಗಿಯೂ ಒಡೆಯುತ್ತದೆ. ಹಲಗೆಗಳನ್ನು ಮೊದಲು ಬರೀ ನೀರಿನಲ್ಲಿ ಒದ್ದೆ ಮಾಡಿ, ಈ ದ್ರಾವಣವನ್ನು ಹರಡಿ, 10ರಿಂದ 15 ನಿಮಿಷ ಒಣಗಗೊಡದೆ ಬಿಟ್ಟು, ಗಡಸು ಕೂದಲಿನ ಬ್ರಷ್ಷಿನಿಂದ ಮರದ ಎಳೆಯುದ್ದಕ್ಕೂ ಉಜ್ಜಿದರೆ ಸತ್ತ ನಾರು, ಬೂಷ್ಟು ಎಲ್ಲವೂ ಸಡಿಲಗೊಂಡು ನಿಲ್ಲುತ್ತವೆ. ಯಂತ್ರಕ್ಕೆ ಉಳಿಯುವುದು ಅವುಗಳನ್ನು ತೊಳೆದು ಹರಿಸುವ ಕೆಲಸ ಮಾತ್ರ. ಅದಕ್ಕೆ ನೀರನ್ನು ಬೀಸಣಿಗೆಯಂತೆ ಹರಡುವ ಬಿಳಿಯ 40 ಡಿಗ್ರಿ ನಾಜಲ್ (ಕೋಲಿನ ತುದಿಯ ಮೂತಿ) ಹಾಕಿ, ಹಲಗೆಯಿಂದ ಒಂದು ಅಡಿ ದೂರ ಹಿಡಿಯಬೇಕು. ನೀರನ್ನು ಸೂಜಿಯಂತೆ ನೇರವಾಗಿ ಬಿಡುವ ಕೆಂಪು ಬಣ್ಣದ ಸೊನ್ನೆ ಡಿಗ್ರಿ ನಾಜಲನ್ನು ನಾನು ವ್ಯಾನಿನಲ್ಲೇ ಇಡುವುದಿಲ್ಲ. ಆದ್ದರಿಂದ ಯಂತ್ರ ಕೊಳ್ಳುವಾಗ ಪಿಎಸ್‌ಐಗಿಂತ ಅದರ ಪಕ್ಕದಲ್ಲಿ ಬರೆದಿರುವ ಜಿಪಿಎಂ ಅಂಕಿಯನ್ನು, ಅಂದರೆ ನಿಮಿಷಕ್ಕೆ ಎಷ್ಟು ಗ್ಯಾಲನ್ ನೀರು ಹೊರಬರುತ್ತದೆಂಬುದನ್ನು ನೋಡಿ. ನಿಮಿಷಕ್ಕೆ 4 ಗ್ಯಾಲನ್, ಎಂದರೆ ಸುಮಾರು 15 ಲೀಟರ್ ಹರಿಸುವ ಯಂತ್ರವು ಕಡಿಮೆ ಒತ್ತಡದಲ್ಲಿಯೂ ಬೇಗ ಕೆಲಸ ಮುಗಿಸುತ್ತದೆ.

ತೊಳೆದ ಮೇಲೆ ಮರ ಕೆಲವೊಮ್ಮೆ ಕಪ್ಪಿಟ್ಟಂತೆ ಕಾಣುತ್ತದೆ. ಅದು ದ್ರಾವಣದಲ್ಲಿರುವ ವಾಷಿಂಗ್ ಸೋಡಾದ ಕ್ಷಾರದ ಗುಣ, ಗಾಬರಿ ಬೇಡ. ಆಕ್ಸಾಲಿಕ್ ಆಮ್ಲದ ದುರ್ಬಲ ದ್ರಾವಣ ಸಿಂಪಡಿಸಿದರೆ ಮರದ ಸಹಜ ಬಣ್ಣ ಹಿಂದಿರುಗುತ್ತದೆ. ಮೊಳೆಗಳ ಸುತ್ತ ಇರುವ ಕರಿ ಕಲೆಗಳೂ ಇದರಿಂದಲೇ ಹೋಗುತ್ತವೆ. ಅವು ಮರದ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದೊಂದಿಗೆ ಕೂಡಿ ಆದ ಕಲೆಗಳು. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಶಾಯಿ ಮಾಡುತ್ತಿದ್ದುದರ ಹಿಂದೆ ಇದೇ ಕ್ರಿಯೆಯಿದೆ. ಬಟ್ಟೆಗೆ ಬಳಸುವ ಕ್ಲೋರಿನ್ ಬ್ಲೀಚ್ ಬೂಷ್ಟನ್ನು ಕೊಲ್ಲುತ್ತದೆ, ನಿಜ. ಜೊತೆಗೆ ಉಳಿದಿರುವ ಲಿಗ್ನಿನನ್ನೂ ಮೊಳೆಗಳನ್ನೂ ತಿನ್ನುತ್ತದೆ. ಅದನ್ನು ಯಾವ ಆಮ್ಲದೊಂದಿಗೆ ಬೆರೆಸಿದರೂ ವಿಷಾನಿಲ ಏಳುವುದರಿಂದ ನಾನು ಅದನ್ನು ಮುಟ್ಟುವುದಿಲ್ಲ. ಸ್ಟೇನ್ ಹಚ್ಚುವ ಮೊದಲು ತೇವಾಂಶಮಾಪಕದಲ್ಲಿ ಅಂಕಿ 15 ಪ್ರತಿಶತಕ್ಕಿಂತ ಕೆಳಗಿಳಿಯುವ ತನಕ ಕಾಯಬೇಕು, ಗ್ರಾಹಕರು ಎಷ್ಟೇ ಅವಸರ ಮಾಡಿದರೂ.

ವ್ಯವಹಾರ ಎಂದಿದ್ದೀರಿ, ಆದ್ದರಿಂದ ಎರಡು ಮಾತು. ಹೊಸಬರು ನೆಲದ ಚದರಡಿ ಅಳೆದು ದರ ಹೇಳುತ್ತಾರೆ, ರೇಲಿಂಗಿನಲ್ಲಿ ನಷ್ಟ ಮಾಡಿಕೊಳ್ಳುತ್ತಾರೆ. ಒಂದೊಂದು ಸರಳಿಗೂ ನಾಲ್ಕು ಮುಖಗಳಿರುತ್ತವೆ ಎಂಬುದು ಬ್ರಷ್ ಹಿಡಿದಾಗಲೇ ಹೊಳೆಯುವುದು. ಇನ್ನು ವಿಮೆ. ಸಾಮಾನ್ಯ ಹೊಣೆಗಾರಿಕೆಯ ವಿಮೆ ನೀವು ಒಡೆದ ಕಿಟಕಿಗೆ ಹಣ ಕೊಡಬಹುದು, ಆದರೆ ನೀವು ಕೆಲಸ ಮಾಡುತ್ತಿದ್ದ ಹಲಗೆಗೇ ಆದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತದೆ. ನನ್ನ ಮೂರು ಹಲಗೆಗಳ ಕಥೆಯನ್ನು ಈ ವಾಕ್ಯದ ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದಿ. ನ್ಯೂಜೆರ್ಸಿಯಲ್ಲಿ 500 ಡಾಲರ್ ದಾಟಿದ ಮನೆ ದುರಸ್ತಿಯ ಕೆಲಸಕ್ಕೆ ಲಿಖಿತ ಕರಾರು ಕಡ್ಡಾಯ ಎಂಬುದೂ ನೆನಪಿರಲಿ.

ಯಾರೂ ಕೇಳದಿದ್ದರೂ ಎಲ್ಲರೂ ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಡೆಕ್ ಕಟ್ಟಿದ್ದು ಯಾವಾಗ? ಅಮೆರಿಕದಲ್ಲಿ ದಶಕಗಳ ಕಾಲ ಡೆಕ್ಕಿನ ಪೈನ್ ಹಲಗೆಗಳಿಗೆ ಹುಳು, ಕೊಳೆರೋಗ ಹಿಡಿಯದಂತೆ ಸಿಸಿಎ ಎಂಬ ಸಂರಕ್ಷಕವನ್ನು ಒತ್ತಡದಿಂದ ಊಡುತ್ತಿದ್ದರು. ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್‌ಗಳ ಈ ಮಿಶ್ರಣವನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್ ಎಂಬ ಭಾರತೀಯ ವಿಜ್ಞಾನಿ. ತಮ್ಮ ಹಿತ್ತಿಲಿನ ಡೆಕ್ ಇಷ್ಟು ವರ್ಷ ಗಟ್ಟಿಯಾಗಿ ನಿಂತದ್ದರ ಹಿಂದೆ ನಮ್ಮವರೊಬ್ಬರ ಬುದ್ಧಿಯಿದೆ ಎಂದರೆ ಗ್ರಾಹಕರು ಅಚ್ಚರಿಯಿಂದ ನೋಡುತ್ತಾರೆ. ಅದನ್ನು ಹೇಳುವ ಅವಕಾಶವನ್ನು ನಾನಂತೂ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಆರ್ಸೆನಿಕ್ ಆರ್ಸೆನಿಕ್ಕೇ. 2003ರ ಡಿಸೆಂಬರ್ 31ರಿಂದ ಮನೆಬಳಕೆಯ ಮರಕ್ಕೆ ಸಿಸಿಎ ಊಡುವುದನ್ನು ಉತ್ಪಾದಕರು ನಿಲ್ಲಿಸಿದರು. ಅದಾಗಲೇ ಅಂಗಡಿಯಲ್ಲಿದ್ದ ದಾಸ್ತಾನನ್ನು ಮಾರಲು ಅಡ್ಡಿಯಿರಲಿಲ್ಲವಾದ್ದರಿಂದ 2004ರಲ್ಲಿ ಕಟ್ಟಿದ ಡೆಕ್ಕನ್ನೂ ನಾನು ಹಳೆಯದರ ಲೆಕ್ಕಕ್ಕೇ ಸೇರಿಸುತ್ತೇನೆ.

ಇಂಥ ಡೆಕ್ಕಿನ ಮೇಲೆ, ಇಲ್ಲಿಯವರೆಗೆ ನಾನು ಹೊಗಳಿದ ಪರ್‌ಕಾರ್ಬೊನೇಟ್ ಮತ್ತು ಆಕ್ಸಾಲಿಕ್ ಆಮ್ಲಗಳೂ ಕೂಡದು; ಅವು ಮರದೊಳಗಿನ ವಿಷಲೋಹಗಳನ್ನು ಹೊರಬಿಡಿಸಬಲ್ಲವು. ಸೌಮ್ಯ ಸಾಬೂನಿನ ನೀರು, ಮೆದು ಬ್ರಷ್, ತೋಟದ ಪೈಪಿನ ನೀರು ಇಷ್ಟರಲ್ಲೇ ತೊಳೆದು, ಒಣಗಿದ ಮೇಲೆ ಮರದೊಳಗೆ ಇಂಗುವ ಎಣ್ಣೆಯಾಧಾರಿತ ಸ್ಟೇನ್ ಹಚ್ಚಿ, ಒಂದೆರಡು ವರ್ಷಗಳಿಗೊಮ್ಮೆ ಮತ್ತೆ ಹಚ್ಚುವಂತೆ ಮನೆಯವರಿಗೆ ಹೇಳಬೇಕು. ಮೇಲೆ ಪೊರೆಕಟ್ಟುವ ಬಣ್ಣ ಮುಂದೆ ಸುಲಿದು ಕೆರೆಯಬೇಕಾಗಿ ಬರುವುದರಿಂದ ಅದು ಬೇಡ. ಕಿತ್ತ ಹಲಗೆಗಳನ್ನು ಯಾವ ಕಾರಣಕ್ಕೂ ಸುಡಬಾರದು; ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಸೇರುತ್ತದೆ. ಮೊದಲ ಫೋನ್ ಕರೆಯಲ್ಲೇ ಡೆಕ್ ಕಟ್ಟಿದ ವರ್ಷವನ್ನು ಕೇಳಿ ಬರೆದುಕೊಳ್ಳಿ, ಹಳೆಯದಾಗಿದ್ದರೆ ಸ್ಯಾಂಡಿಂಗ್ ಯಂತ್ರವನ್ನೂ ಪ್ರೆಷರ್ ವಾಷರನ್ನೂ ಮನೆಯಲ್ಲೇ ಬಿಟ್ಟು ಹೋಗಿ.